ಬೈಬಲ್ ಗೊತ್ತು ಸ್ವಾಮಿ... ಆಮೇಲೆ?

ನಮ್ಮ ಮನೆ ಶೋಕೇಸಿನಲ್ಲಿ ಹನ್ನೊಂದು ಟ್ರೋಫಿಗಳಿವೆ. ಒಂದೂ ಕ್ರಿಕೆಟ್ಟಿನದಲ್ಲ, ಒಂದೂ ಓಟದ್ದಲ್ಲ. ಎಲ್ಲಾ ಬೈಬಲ್ ಕ್ವಿಜ್ಜಿನವು. ಮೆತೂಷೆಲಹ ಎಷ್ಟು ವರ್ಷ ಬದುಕಿದ? 969. ಪೌಲ ಹತ್ತಿದ್ದ ಹಡಗು ಒಡೆದಾಗ ಅದರಲ್ಲಿ ಎಷ್ಟು ಜನ ಇದ್ರು? 276. ಪೇತ್ರ ದಡಕ್ಕೆಳೆದ ಬಲೆಯಲ್ಲಿ ಎಷ್ಟು ಮೀನು? 153. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಯೆಹೂದದ ರಾಜರ ಹೆಸರುಗಳನ್ನು ರೆಹಬ್ಬಾಮನಿಂದ ಚಿದ್ಕೀಯನ ತನಕ ಒಂದೇ ಉಸಿರಲ್ಲಿ ಹೇಳಿ ಒಮ್ಮೆ ಸ್ಟೀಲ್ ಟಿಫಿನ್ ಕ್ಯಾರಿಯರ್ ಗೆದ್ದಿದ್ದೆ. ಅದು ಇವತ್ತಿಗೂ ನಮ್ಮನೇಲಿ ಬಳಕೆಯಲ್ಲಿದೆ :)

ಇದನ್ನೆಲ್ಲ ಜಂಬಕ್ಕೆ ಹೇಳ್ತಿಲ್ಲ. ಬೈಬಲ್ ಓದದ ಯಾವನೋ ಹೊಟ್ಟೆಕಿಚ್ಚಿಗೆ ಬರೆದ ಅಂತ ಯಾರೂ ಅಂದುಕೊಳ್ಳಬಾರದಲ್ಲ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಯಾಕಂದ್ರೆ ಇವತ್ತು ನಾನು ಜಗಳ ತೆಗೆಯೋಕೆ ಹೊರಟಿರೋದು ಬೈಬಲ್ ಚೆನ್ನಾಗಿ ಗೊತ್ತಿರೋ ಕ್ರೈಸ್ತರ ಜೊತೆ. ಆ ಸಾಲಿನಲ್ಲಿ ಮೊದಲು ನಿಂತಿರೋನು ನಾನೇ. ಕ್ರೈಸ್ತರಲ್ಲದ ಗೆಳೆಯರು "ಇದು ನಮಗಲ್ಲ ಬಿಡು" ಅಂತ ಎದ್ದು ಹೋಗಬೇಡಿ. ಕೊನೆಯಲ್ಲಿ ನಿಮಗೂ ಒಂದು ಪಾಲಿದೆ.

ವಿಷಯಕ್ಕೆ ಬರ್ತೀನಿ. ನಾವು ಹತ್ತು ಹನ್ನೆರಡು ಜನ ಪ್ರತಿ ಶುಕ್ರವಾರ ಸಂಜೆ ಬೈಬಲ್ ಅಧ್ಯಯನಕ್ಕೆ ಅಂತ ಒಬ್ಬರ ಮನೆಯಲ್ಲಿ ಸೇರ್ತೀವಿ. ಈಚೆಗೆ ಎಂಟು ವಾರದಿಂದ ನಡೀತಿರೋದು ಒಂದೇ ಪದದ ಚರ್ಚೆ. ಪ್ರೀತಿ. ಗ್ರೀಕಿನಲ್ಲಿ ಪ್ರೀತಿಗೆ ಎಷ್ಟು ಪದ, ಹೊಸ ಒಡಂಬಡಿಕೆಯಲ್ಲಿ ಯಾವುದು ಎಲ್ಲಿ ಬಂದಿದೆ, ಅಗಾಪೆಗೂ ಫಿಲಿಯಾಕ್ಕೂ ಏನು ವ್ಯತ್ಯಾಸ... ಎಂಟು ವಾರ! ಆ ಎಂಟು ವಾರದಲ್ಲಿ ನಮ್ಮಲ್ಲಿ ಯಾರೂ ಯಾರನ್ನೂ ಮೊದಲಿಗಿಂತ ಒಂದು ತೊಲ ಹೆಚ್ಚಿಗೆ ಪ್ರೀತಿಸಿದ ಸುದ್ದಿ ಇಲ್ಲ. ಇರಲಿ. ಕಳೆದ ವಾರ ನಮ್ಮ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು, "ಇದಕ್ಕೆ ಕಿಟ್ಟೆಲ್ ಏನು ಹೇಳ್ತಾರೆ ನೋಡೋಣ" ಅಂದ್ರು. ಹೊಸದಾಗಿ ಬಂದಿದ್ದ ಕಾಲೇಜು ಹುಡುಗನೊಬ್ಬ ಪಾಪ, "ಅಂಕಲ್, ಕಿಟ್ಟೆಲ್ ಕನ್ನಡ ನಿಘಂಟಲ್ವಾ ಬರೆದಿದ್ದು? ಗ್ರೀಕು ಯಾವಾಗ ಬರೆದ್ರು?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತುಹೋಯ್ತು.

ಕಿಟ್ಟೆಲ್ ಇಬ್ಬರಿದ್ದಾರೆ. ಒಬ್ಬರು ನಮ್ಮ ಫರ್ಡಿನಾಂಡ್ ಕಿಟ್ಟೆಲ್. ಬಾಸೆಲ್ ಮಿಷನ್ನಿನ ಪಾದ್ರಿ. 1894ರಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಬಗ್ಗೆ ಇಲ್ಲಿ ಬರೆಯೋರಿಗೆ, ಓದೋರಿಗೆ ನಾನು ಹೇಳಬೇಕಾದ್ದಿಲ್ಲ. ಇನ್ನೊಬ್ಬ ಗೆರ್ಹಾರ್ಡ್ ಕಿಟ್ಟೆಲ್. 1888ರಲ್ಲಿ ಬ್ರೆಸ್ಲೌ ಊರಿನಲ್ಲಿ ಹುಟ್ಟಿದವನು, ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪ್ರೊಫೆಸರ್. ಹೊಸ ಒಡಂಬಡಿಕೆಯ ಗ್ರೀಕ್ ಪದಗಳಿಗೆ ಒಂದು ಮಹಾ ನಿಘಂಟು ಇದೆ. ಒಂದೊಂದು ಪದಕ್ಕೆ ಪುಟಗಟ್ಟಲೆ ವಿವರಣೆ. ಅದನ್ನು ಶುರು ಮಾಡಿದ ಸಂಪಾದಕ ಈತ. ಮೊದಲ ಸಂಪುಟ ಪೂರ್ತಿಯಾಗಿದ್ದು 1933ರಲ್ಲಿ. ಇಂಗ್ಲಿಷ್ ಅನುವಾದ ಹತ್ತು ಸಂಪುಟ. ಪಾದ್ರಿಗಳನ್ನು ತಯಾರು ಮಾಡೋ ಸೆಮಿನರಿಗಳ ಲೈಬ್ರರಿಗಳಲ್ಲಿ ಅದು ಇವತ್ತಿಗೂ ಕೂತಿದೆ. ನಮ್ಮ ಹಿರಿಯರು ಹೇಳಿದ ಕಿಟ್ಟೆಲ್ ಇವನೇ.

ಈ ಮನುಷ್ಯನಿಗೆ ಅಗಾಪೆ ಅಂದ್ರೆ ಏನು ಅಂತ ಗೊತ್ತಿತ್ತೋ ಇಲ್ವೋ? ಆ ಪದದ ಮೇಲಿನ ದೊಡ್ಡ ಲೇಖನ ಅವನ ನಿಘಂಟಿನ ಮೊದಲ ಸಂಪುಟದಲ್ಲೇ ಇದೆ. ಅದೇ 1933ರ ಮೇ ತಿಂಗಳಲ್ಲಿ ಅವನು ಹಿಟ್ಲರನ ನಾಜಿ ಪಕ್ಷ ಸೇರಿದ. ಜೂನ್ ತಿಂಗಳಲ್ಲಿ "ಯಹೂದ್ಯರ ಪ್ರಶ್ನೆ" ಅಂತ ಭಾಷಣ ಮಾಡಿ ಪುಸ್ತಕ ಮಾಡಿಸಿದ. ಅದರ ಸಾರ ಏನಪ್ಪಾ ಅಂದ್ರೆ, ಯಹೂದ್ಯರು ಜರ್ಮನಿಯಲ್ಲಿ ಪ್ರಜೆಗಳಾಗಿ ಇರೋದು ಬೇಡ, ಹೊರಗಿನಿಂದ ಬಂದ ಅತಿಥಿಗಳ ಹಾಗೆ ಇರಲಿ. ಇನ್ನೂ ಒಂದು ಮಾತಿದೆ, ಅದನ್ನು ಗಮನಿಸಿ. ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದ ಯಹೂದ್ಯರು ನಮ್ಮ ಸಹೋದರರೇ, ಆದರೆ ಅವರು ತಮ್ಮದೇ ಬೇರೆ ಸಭೆ ಮಾಡಿಕೊಳ್ಳಲಿ ಅನ್ನೋ ಧಾಟಿ. ಸಹೋದರ ಹೌದು, ಪಕ್ಕದ ಬೆಂಚು ಮಾತ್ರ ಬೇಡ!

ಅದೇ ಬ್ರೆಸ್ಲೌದಲ್ಲಿ 1906ರಲ್ಲಿ ಇನ್ನೊಬ್ಬ ಹುಟ್ಟಿದ್ದ. ಡೀಟ್ರಿಚ್ ಬಾನ್‌ಹಾಫರ್. ಅವನೂ ದೇವಶಾಸ್ತ್ರ ಓದಿದವನೇ, ಇಪ್ಪತ್ತೊಂದನೇ ವಯಸ್ಸಿಗೆ ಡಾಕ್ಟರೇಟ್ ಮುಗಿಸಿದವನು. ಅದೇ 1933ರಲ್ಲಿ ಅವನೂ ಯಹೂದ್ಯರ ಪ್ರಶ್ನೆ ಮೇಲೆ ಒಂದು ಲೇಖನ ಬರೆದ. ದೀಕ್ಷಾಸ್ನಾನ ಪಡೆದ ಯಹೂದ್ಯರನ್ನು ಹೊರಗಿಟ್ಟ ಸಭೆ ಸಭೆಯೇ ಅಲ್ಲ ಅನ್ನೋದು ಅವನ ವಾದ. ಸರ್ಕಾರದ ಗಾಡಿಯ ಕೆಳಗೆ ಸಿಕ್ಕಿಬಿದ್ದವರ ಗಾಯಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಹೊತ್ತು ಬಂದಾಗ ಗಾಡಿಯ ಚಕ್ರವನ್ನೇ ತಡೆಯಬೇಕಾಗುತ್ತೆ ಅಂತಲೂ ಹೇಳಿದ. ಹೇಳಿ ಸುಮ್ಮನಾಗಲಿಲ್ಲ. 1943ರಲ್ಲಿ ಜೈಲಿಗೆ ಹೋದ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವನನ್ನು ನೇಣಿಗೆ ಹಾಕಿದರು. ಕಿಟ್ಟೆಲ್‌ನನ್ನು ಯುದ್ಧ ಮುಗಿದ ಮೇಲೆ ಫ್ರೆಂಚರು ಬಂಧಿಸಿದರು, ಕೆಲಸ ಹೋಯ್ತು. ಅವನು ತಾನು ಮಾಡಿದ್ದಕ್ಕೆಲ್ಲ ಒಂದು ಸಮರ್ಥನೆ ಬರೆದಿಟ್ಟು 1948ರಲ್ಲಿ ತೀರಿಕೊಂಡ.

ಒಂದೇ ಊರು, ಒಂದೇ ಬೈಬಲ್, ಒಂದೇ ವರ್ಷ, ಒಂದೇ ಪ್ರಶ್ನೆ. ಗ್ರೀಕು ಯಾರಿಗೆ ಹೆಚ್ಚು ಬರ್ತಿತ್ತು ಅಂತ ಪರೀಕ್ಷೆ ಇಟ್ಟಿದ್ದರೆ ಬಹುಶಃ ಕಿಟ್ಟೆಲ್ಲೇ ಗೆಲ್ಲುತ್ತಿದ್ದ. ನನ್ನ ಹಾಗೆ ಅವನ ಮನೇಲೂ ಟ್ರೋಫಿ ಇರ್ತಿತ್ತು.

"ಹಾಗಾದ್ರೆ ಓದೋದೇ ಬೇಡ ಅಂತೀಯಾ?" ಅಂತ ಕೇಳೋರು ಇರ್ತೀರಿ. ಖಂಡಿತ ಅಲ್ಲ. ಬಾನ್‌ಹಾಫರ್ ಏನು ದಡ್ಡನಾ? ನಮ್ಮ ಕಿಟ್ಟೆಲ್ ಏನು ಓದದೇ ನಿಘಂಟು ಬರೆದ್ರಾ? ಓದು ತಪ್ಪಲ್ಲ. ಆದರೆ ಓದು ಒಂದು ದೊಡ್ಡ ಮೋಸ ಮಾಡುತ್ತೆ. ಒಂದು ವಿಷಯ ಚೆನ್ನಾಗಿ ಅರ್ಥವಾದ ಕೂಡಲೇ ಅದನ್ನು ಮಾಡಿ ಮುಗಿಸಿದ ಹಾಗೆ ಮನಸ್ಸಿಗೆ ಒಂದು ತೃಪ್ತಿ ಬರುತ್ತೆ ನೋಡಿ, ಅದು. ಕ್ಷಮೆ ಬಗ್ಗೆ ಒಳ್ಳೆ ಪ್ರಸಂಗ ಕೇಳಿ ಹೊರಗೆ ಬಂದಾಗ ಕ್ಷಮಿಸಿದಷ್ಟೇ ಹಗುರ ಆಗುತ್ತೆ. ಕ್ಷಮಿಸಿರೋದಿಲ್ಲ! ಯಾಕೋಬನ ಪತ್ರದಲ್ಲಿ ಇದಕ್ಕೆ ಕೊಟ್ಟಿರೋ ಏಟು ಯಾವ ನಾಸ್ತಿಕನೂ ಕೊಟ್ಟಿಲ್ಲ. ದೇವರು ಒಬ್ಬನೇ ಅಂತ ದೆವ್ವಗಳಿಗೂ ಗೊತ್ತು, ಅವು ಕನಿಷ್ಠ ಹೆದರಿ ನಡುಗ್ತವೆ ಅನ್ನೋ ಅರ್ಥದ ಮಾತು ಅಲ್ಲಿದೆ. ನಾವು ನಡುಗೋದೂ ಇಲ್ಲ. ನೋಟ್ಸ್ ತಗೋತೀವಿ.

ಜರ್ಮನಿ ಕಥೆ ಸಾಕು. ದೂರದ ಪಾಪಿಯನ್ನು ಬೈಯೋದು ಸುಲಭ, ಅದಕ್ಕೆ ಪೆಟ್ರೋಲು ಖರ್ಚಿಲ್ಲ. ನಮ್ಮೂರಿಗೆ ಬರೋಣ. ಅದಕ್ಕೆ ಮೊದಲು ಬೈಬಲ್ಲಿನಲ್ಲೇ ಇರೋ ಒಂದು ಪಂಕ್ತಿಭೇದದ ಕಥೆ ಹೇಳ್ತೀನಿ. ಹೌದು, ಪಂಕ್ತಿಭೇದ. ಉಡುಪಿಯಲ್ಲಲ್ಲ, ಅಂತಿಯೋಕ್ಯದಲ್ಲಿ!

ಪೇತ್ರನಿಗೆ ಯೊಪ್ಪ ಊರಿನಲ್ಲಿ ಒಂದು ದರ್ಶನ ಆಗಿತ್ತು. ಯಾವ ಮನುಷ್ಯನನ್ನೂ ಮೈಲಿಗೆ ಅನ್ನಬಾರದು ಅಂತ ದೇವರೇ ತೋರಿಸಿಕೊಟ್ಟ ಹಾಗೆ. ಅವನು ಅದನ್ನು ಒಪ್ಪಿದ, ಯಹೂದ್ಯನಲ್ಲದ ಕೊರ್ನೇಲ್ಯನ ಮನೆಗೆ ಹೋದ, ಯೆರೂಸಲೇಮಿಗೆ ಬಂದು ಎಲ್ಲರ ಮುಂದೆ ವಾದ ಮಾಡಿ ಗೆದ್ದ. ಅಂದ್ರೆ ಸಿದ್ಧಾಂತ ಅವನಿಗೆ ಪಕ್ಕಾ. ಆಮೇಲೆ ಅಂತಿಯೋಕ್ಯಕ್ಕೆ ಬಂದ. ಅನ್ಯಜನರ ಜೊತೆ ಒಂದೇ ಸಾಲಿನಲ್ಲಿ ಊಟ ಮಾಡ್ತಿದ್ದ. ಒಂದು ದಿನ ಯಾಕೋಬನ ಕಡೆಯವರು ಬಂದ್ರು. ಪೇತ್ರ ಮೆಲ್ಲಗೆ ಎದ್ದು ಬೇರೆ ಸಾಲಿಗೆ ಹೋದ! ಅವನನ್ನು ನೋಡಿ ಬಾರ್ನಬನೂ ಹೋದ. ಆಗ ಪೌಲ ಮಾಡಿದ್ದೇನು? ಪ್ರಾರ್ಥನಾ ಕೂಟ ಕರೀಲಿಲ್ಲ, ಸಮಿತಿ ಮಾಡಲಿಲ್ಲ. ಎಲ್ಲರ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೇಳಿದ. ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಇದಿದೆ. ಪೌಲ ಅಲ್ಲಿ ಪೇತ್ರನ ತಿಳುವಳಿಕೆ ತಪ್ಪು ಅನ್ನೋದಿಲ್ಲ. ನಡಿಗೆ ಸೊಟ್ಟ ಆಗಿದೆ ಅಂತಾನೆ. ಅಂದ್ರೆ ಪಾಠ ಬಾಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ.

ಈಗ ನಮ್ಮ ಕಾಲು.

ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತ ನಾವು ಹೇಳ್ತೀವಿ. ಶಾಲೆಯಲ್ಲಿ, ಆಫೀಸಿನಲ್ಲಿ, ಇಂಥಾ ಬ್ಲಾಗುಗಳಲ್ಲಿ ಎದೆ ಉಬ್ಬಿಸಿ ಹೇಳಿದ್ದೀನಿ ನಾನೂ. ಇರಬಾರದು ಅಂತ ಹಠ ಹಿಡಿದವರು ಇದ್ದಿದ್ದು ನಿಜ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಭೇದ ಬಿಡಲೇಬೇಕು ಅಂತ ಆಜ್ಞೆ ಹೊರಡಿಸಿದರು. ಏನಾಯ್ತು? ತಂಜಾವೂರಿನ ಕಡೆ ಎಷ್ಟೋ ಜನ ಜಾತಿ ಬಿಡಲಿಲ್ಲ, ಚರ್ಚನ್ನೇ ಬಿಟ್ಟು ಹೊರಟರು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಅನ್ನೋ ಊರಿನಲ್ಲಿ ಒಂದು ಕ್ಯಾಥೊಲಿಕ್ ಚರ್ಚನ್ನು ಪ್ಯಾಂಟಿನ ಎರಡು ಕಾಲಿನ ಹಾಗೆ ಕಟ್ಟಿದ್ದಾರೆ. ಎರಡು ಕಾಲೂ ಬಲಿಪೀಠದ ಹತ್ತಿರ ಸೇರುತ್ತವೆ. ಆಗ ಒಂದು ಕಾಲು ಒಂದು ಜಾತಿಯವರಿಗೆ, ಇನ್ನೊಂದು ಇನ್ನೊಬ್ಬರಿಗೆ ಅಂತ ಇತ್ತು. ಒಂದೇ ದೇವರು, ಒಂದೇ ಪಾದ್ರಿ, ನಡುವೆ ಗೋಡೆ ಇತ್ತು. ನಮ್ಮ ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಾಮೊಣ್, ಚಾರೊಡಿ ಅನ್ನೋ ಲೆಕ್ಕ ಹಳೇ ತಲೆಗಳಿಗೆ ಇವತ್ತಿಗೂ ನೆನಪಿದೆ, ಮದುವೆ ಮಾತು ಬಂದಾಗ ನೆನಪು ಇನ್ನೂ ಚುರುಕಾಗುತ್ತೆ.

"ಅದು ತಮಿಳರಲ್ಲಿ, ಅದು ಕ್ಯಾಥೊಲಿಕರಲ್ಲಿ, ನಾವು ಬಾಸೆಲ್ ಮಿಷನ್ನಿನವರು" ಅಂತ ನಮ್ಮ ದೊಡ್ಡಪ್ಪ ಹೇಳೋರು. ಅವರ ಹೆಮ್ಮೆಗೆ ಕಾರಣ ಇಲ್ಲದೆ ಇರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜಾತಿ ಬಿಟ್ಟು ಬಾ ಅಂತ ಹೇಳ್ತಿದ್ರು. ಬಿಟ್ಟು ಬಂದವರಿಗೆ ಮನೆ ಹೋಗ್ತಿತ್ತು, ಕುಲಕಸುಬು ಹೋಗ್ತಿತ್ತು. ಅಂಥವರಿಗೆ ಅನ್ನದ ದಾರಿ ಬೇಕು ಅನ್ನೋದೂ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ ಶುರುವಾಗೋಕೆ ಒಂದು ಕಾರಣ. ನಮ್ಮ ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದು ಬದುಕಿದವರು. ಪಕ್ಕದಲ್ಲಿ ಮಣ್ಣು ತುಳಿಯುತ್ತಿದ್ದವನ ಜಾತಿ ಯಾವುದು ಅಂತ ಕೇಳೋ ಹಾಗಿರಲಿಲ್ಲ. ಆ ಮಣ್ಣಿನಿಂದ ಬಂದ ಅನ್ನ ಉಂಡು, ಓದಿ, ಗುಮಾಸ್ತರಾಗಿ, ಮೇಷ್ಟ್ರಾಗಿ, ಇಂಜಿನಿಯರುಗಳಾಗಿ, ಈಗ ಬೆಂಗಳೂರಿನಲ್ಲಿ ಫ್ಲಾಟು ತಗೊಂಡು ಕೂತಿರೋರು ನಾವು. ಮುತ್ತಜ್ಜ ಬಿಟ್ಟು ಬಂದ ಜಾತಿ ಯಾವುದು ಅಂತ ನಾಲ್ಕು ತಲೆಮಾರಾದ ಮೇಲೂ ನಮ್ಮನೇಲಿ ಎಲ್ಲರಿಗೂ ಗೊತ್ತು. ಬಿಟ್ಟಿದ್ದನ್ನು ಇಷ್ಟು ಜೋಪಾನವಾಗಿ ಯಾರಾದ್ರೂ ಇಟ್ಟುಕೋತಾರಾ? ಅದರ ಹೆಸರು ಇಲ್ಲಿ ಬರೆಯೋದಿಲ್ಲ. ಬರೆದರೆ ನೀವೂ ನನ್ನನ್ನು ಒಂದು ಖಾನೆಗೆ ಹಾಕ್ತೀರಿ.

2009ರಲ್ಲಿ ನಡೆದದ್ದು ಈಗ ಹೇಳ್ತೀನಿ. ಇದನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ.

ಚಿಕ್ಕಪ್ಪನ ಮಗಳಿಗೆ, ಅಂದ್ರೆ ನನ್ನ ತಂಗಿಗೆ, ಒಂದು ಸಂಬಂಧ ಬಂತು. ಹುಡುಗ ಹೊರಗಿನವನಲ್ಲ. ನಮ್ಮದೇ ಸಭೆ, ನಮ್ಮದೇ ಕ್ವಾಯರ್, ಹೈಸ್ಕೂಲ್ ಮೇಷ್ಟ್ರು. ಕ್ರಿಸ್‌ಮಸ್ಸಿಗೆ ಮನೆ ಮನೆಗೆ ಕ್ಯಾರಲ್ಸ್ ಹೋದಾಗ ಹಾರ್ಮೋನಿಯಂ ಹೊತ್ತುಕೊಂಡು ಬರ್ತಿದ್ದವನು. ನನ್ನ ಕ್ವಿಜ್ ಟೀಮಿನಲ್ಲಿ ಎರಡು ಸಲ ಇದ್ದ. ಶೋಕೇಸಿನ ಎರಡು ಟ್ರೋಫಿಯಲ್ಲಿ ಅವನ ಪಾಲೂ ಇದೆ. ತಂಗಿಗೂ ಅವನ ಮೇಲೆ ಮನಸ್ಸಿತ್ತು. ಅವನ ತಾಯಿ ಬಾಳೆಹಣ್ಣು, ಹೂವು ಹಿಡಿದುಕೊಂಡು ಬಂದು ಕೇಳಿ ಹೋದ್ರು. ಆ ಅಮ್ಮ ನಮ್ಮ ಹಜಾರದ ಸೋಫಾದ ತುದಿಯಲ್ಲಿ ಕೂತಿದ್ದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬೆನ್ನು ಆನಿಸಿರಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿಸಿ ಬಂದು ಊಟ ಆದ ಮೇಲೆ ಮನೆಯವರೆಲ್ಲ ಕೂತ್ರು. ಅವತ್ತು ಪವಿತ್ರ ಭೋಜನದ ಭಾನುವಾರ. ಒಂದೇ ರೊಟ್ಟಿ ಮುರಿದು ಎಲ್ಲರೂ ತಿಂದು ಬಂದು ಎರಡು ಗಂಟೆಯೂ ಆಗಿರಲಿಲ್ಲ. ದೊಡ್ಡಪ್ಪ ಮಾತು ಶುರು ಮಾಡಿದ್ರು. "ಹುಡುಗ ಬಂಗಾರದಂಥವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಡೆಯವರು ಯಾರು ಅಂತ ನಿಮಗೆಲ್ಲ ಗೊತ್ತಲ್ಲ..." ಅಷ್ಟೇ. ಅದರ ಮುಂದೆ ಯಾರೂ ಏನೂ ಹೇಳಲಿಲ್ಲ, ಹೇಳೋ ಅಗತ್ಯ ಇರಲಿಲ್ಲ. ಕ್ರಿಸ್ತನಲ್ಲಿ ಯಹೂದ್ಯ, ಗ್ರೀಕ, ಆಳು, ಒಡೆಯ ಅನ್ನೋ ಭೇದ ಇಲ್ಲ ಅಂತ ಗಲಾತ್ಯದ ಮೂರನೇ ಅಧ್ಯಾಯ ನನಗೆ ಬಾಯಿಪಾಠ ಮಾಡಿಸಿದವರು ಇದೇ ದೊಡ್ಡಪ್ಪ. ನನಗಾಗ ಎಂಟು ವರ್ಷ.

ಆಮೇಲೆ ಅವರು ನನ್ನ ಕಡೆ ತಿರುಗಿ, "ನೀನೇ ಹೇಳಪ್ಪ, ಬೈಬಲ್ ಓದಿಕೊಂಡವನು ನೀನು" ಅಂದ್ರು.

ಆ ಕೋಣೆಯಲ್ಲಿ ಅವತ್ತು ನನಗೆ ಗೊತ್ತಿಲ್ಲದ ವಚನ ಒಂದೂ ಇರಲಿಲ್ಲ. ಅಂತಿಯೋಕ್ಯ ಗೊತ್ತಿತ್ತು. ಕೊರ್ನೇಲ್ಯ ಗೊತ್ತಿತ್ತು. ಬಾನ್‌ಹಾಫರ್ ಗೊತ್ತಿತ್ತು. ಬಾಗಿಲ ಹತ್ತಿರ ತಂಗಿ ನಿಂತಿದ್ಳು, ನನ್ನನ್ನೇ ನೋಡ್ತಿದ್ಳು. ನಾನು ಹೇಳಿದ್ದೇನು ಗೊತ್ತಾ? "ದೊಡ್ಡವರು ಪ್ರಾರ್ಥನೆ ಮಾಡಿ ತೀರ್ಮಾನ ಮಾಡಲಿ" ಅಂದೆ.

ಎಷ್ಟು ಭಕ್ತಿಯ ಉತ್ತರ! ಯಾರಿಗೂ ನೋವಾಗಲಿಲ್ಲ. ನೋವಾಗಬೇಕಾದವರಿಗೆ ಆಯ್ತು. ದೊಡ್ಡವರು ಪ್ರಾರ್ಥನೆ ಮಾಡಿದ್ರು, ದೇವರ ಚಿತ್ತ ಇಲ್ಲ ಅಂತ ಅವರ ಮನೆಗೆ ಹೇಳಿ ಕಳಿಸಿದ್ರು. ದೇವರನ್ನು ಅದರಲ್ಲಿ ಸಾಕ್ಷಿಗೆ ಎಳೆದಿದ್ದೇ ಎಲ್ಲಕ್ಕಿಂತ ದೊಡ್ಡ ಪಾಪ ಅಂತ ಈಗ ಅನ್ನಿಸುತ್ತೆ. ಅವನು ಮೂರು ತಿಂಗಳಲ್ಲಿ ನಮ್ಮ ಸಭೆ ಬಿಟ್ಟ. ತಂಗಿಗೆ ಬೇರೆ ಕಡೆ ಮದುವೆ ಆಯ್ತು, ಚೆನ್ನಾಗಿದ್ದಾಳೆ. ಆದರೆ ಆಮೇಲೆ ಅವಳು ನನ್ನ ಜೊತೆ ಬೈಬಲ್ ವಿಷಯ ಮಾತಾಡಿಲ್ಲ. ಅಡುಗೆ, ಮಕ್ಕಳು, ಮಳೆ, ಎಲ್ಲಾ ಮಾತಾಡ್ತಾಳೆ. ಅದೊಂದು ಬಿಟ್ಟು.

ಈಗ ನೀವು ಹೇಳೋ ಆಕ್ಷೇಪಣೆಗಳೆಲ್ಲ ನನಗೆ ಗೊತ್ತು, ನಾನೇ ನನಗೆ ಹೇಳಿಕೊಂಡವು.

ಒಂದು: "ಮದುವೆ, ಸಂಬಂಧ ಎಲ್ಲಾ ಸಾಮಾಜಿಕ ವಿಷಯ. ರಕ್ಷಣೆ ಆತ್ಮಕ್ಕೆ ಸಂಬಂಧಪಟ್ಟಿದ್ದು. ಎರಡನ್ನೂ ಬೆರೆಸಬೇಡ." ಓಹೋ. ಹಾಗಾದ್ರೆ ಆದಾಯದ ದಶಮಾಂಶ ಕೊಡಬೇಕು, ಕುಡೀಬಾರದು, ಸಿನಿಮಾ ನೋಡಬಾರದು ಅನ್ನುವಾಗ ಅದು ಆತ್ಮದ ವಿಷಯ. ಮಗಳ ಮದುವೆ ಬಂದಾಗ ಮಾತ್ರ ಸಾಮಾಜಿಕ! ನಮ್ಮ ನಂಬಿಕೆ ನಮ್ಮ ಜೇಬಿನ ತನಕ, ಬಾಯಿನ ತನಕ ಬರುತ್ತೆ. ರಕ್ತದ ತನಕ ಬರೋಕೆ ನಾವು ಬಿಡೋದಿಲ್ಲ.

ಎರಡು: "ನಾವು ರಕ್ಷಣೆ ಹೊಂದೋದು ಕ್ರಿಯೆಗಳಿಂದಲ್ಲ, ಕೃಪೆಯಿಂದ." ಪ್ರಾಟೆಸ್ಟೆಂಟರ ಬತ್ತಳಿಕೆಯ ಕೊನೇ ಬಾಣ ಇದು. ಒಪ್ಪಿದೆ. ಆದರೆ ಕೃಪೆ ಸಿಕ್ಕ ಮೇಲೆ ಏನಾಗುತ್ತೆ? ಜಕ್ಕಾಯನನ್ನು ನೋಡಿ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ತಿಂದವನು. ಯೇಸು ಅವನ ಮನೆಗೆ ತಾನಾಗಿ ಬಂದ, ಅದು ಕೃಪೆ. ಜಕ್ಕಾಯ ಎದ್ದು ನಿಂತು ವಚನ ಒಪ್ಪಿಸಲಿಲ್ಲ, ಸಾಕ್ಷಿ ಹೇಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಲೆಕ್ಕದ ಮನುಷ್ಯ, ಪರಿವರ್ತನೆಯನ್ನೂ ಲೆಕ್ಕದಲ್ಲೇ ಹೇಳಿದ! ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ. ಬಾನ್‌ಹಾಫರ್ 1937ರಲ್ಲಿ ಬರೆದ ಶಿಷ್ಯತ್ವದ ಪುಸ್ತಕದಲ್ಲಿ ಅಗ್ಗದ ಕೃಪೆ, ಬೆಲೆ ತೆರಬೇಕಾದ ಕೃಪೆ ಅಂತ ಎರಡು ಮಾಡಿ ಹೇಳ್ತಾನೆ. ನನಗೆ 2009ರಲ್ಲಿ ಇದ್ದದ್ದು ಅಗ್ಗದ್ದು.

ಮೂರು: "ದಲಿತ ಕ್ರೈಸ್ತರಿಗೆ ನ್ಯಾಯ ಸಿಗಬೇಕು ಅಂತ ನಮ್ಮ ಸಭೆಗಳು ಹೋರಾಡ್ತಿವೆಯಲ್ಲ?" ಹೋರಾಡ್ತಿವೆ, ಹೋರಾಡಬೇಕು. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಅಂತ ಆಯ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು ಹೊರಗೇ ಇದ್ದಾರೆ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ನಮ್ಮ ನಾಲಿಗೆ ನೋಡಿ. ದೆಹಲಿಗೆ ಹೋಗಿ "ಸ್ವಾಮಿ, ಮತಾಂತರ ಆದ ಮೇಲೂ ಜಾತಿ ಬಿಟ್ಟಿಲ್ಲ, ನಮ್ಮಲ್ಲೂ ಇದೆ" ಅಂತೀವಿ. ಊರಿಗೆ ಬಂದು "ನಮ್ಮಲ್ಲಿ ಜಾತಿಯೇ ಇಲ್ಲ" ಅಂತ ಪ್ರಸಂಗ ಮಾಡ್ತೀವಿ. ಎರಡರಲ್ಲಿ ಒಂದು ಸುಳ್ಳು. ಯಾವುದು ಸುಳ್ಳು ಅಂತ ಆ ಹಾರ್ಮೋನಿಯಂ ಮೇಷ್ಟ್ರಿಗೆ ಗೊತ್ತು.

ನಾಲ್ಕು: "ಇದನ್ನೆಲ್ಲ ಬೇರೆಯವರ ಮುಂದೆ ಹೇಳಿ ಮನೆ ಮರ್ಯಾದೆ ಯಾಕೆ ಕಳೀತೀಯ?" ಪೌಲ ಪತ್ರದಲ್ಲಿ ಬರೆದೇ ಬಿಟ್ಟನಲ್ಲ ಸ್ವಾಮಿ, ಪೇತ್ರನ ಮರ್ಯಾದೆ ನೋಡಲಿಲ್ಲ. ಎರಡು ಸಾವಿರ ವರ್ಷದಿಂದ ಪ್ರಪಂಚ ಓದ್ತಾ ಇದೆ.

ಕ್ರೈಸ್ತರಲ್ಲದ ಗೆಳೆಯರೇ, ಇಲ್ಲೀ ತನಕ ಓದಿ ಮೀಸೆಯಲ್ಲಿ ನಗ್ತಿದ್ದರೆ ಸ್ವಲ್ಪ ನಿಲ್ಲಿಸಿ :) ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಗಿದ್ದಕ್ಕೆ ಏನು ನಡೀತು ಅಂತ ನಿಮಗೂ ಗೊತ್ತು. ಆ ಶರಣರ ವಚನಗಳನ್ನು ಗೋಡೆಗೆ ಫ್ರೇಮು ಹಾಕಿಸಿ, ಅದರ ಕೆಳಗೇ ಕೂತು ಮದುವೆ ಜಾಹೀರಾತಿಗೆ ಒಳಪಂಗಡ ಬರೆಸೋ ಮನೆಗಳು ನಿಮ್ಮ ಬೀದಿಯಲ್ಲಿಲ್ವಾ? ನನ್ನ ಮನೆಯ ಕಸ ನಾನು ಗುಡಿಸ್ತಿದ್ದೀನಿ. ಪೊರಕೆ ಬೇಕಾದರೆ ನಿಮಗೂ ಕೊಡ್ತೀನಿ.

ಬೈಬಲ್ಲಿನಲ್ಲಿ ಒಬ್ಬ ಧರ್ಮಶಾಸ್ತ್ರಿ ಬರ್ತಾನೆ. ನಿತ್ಯಜೀವಕ್ಕೆ ಏನು ಮಾಡಬೇಕು ಅಂತ ಯೇಸುವನ್ನು ಕೇಳ್ತಾನೆ. ಶಾಸ್ತ್ರದಲ್ಲಿ ಏನಿದೆ ಅಂದ್ರೆ ತಪ್ಪಿಲ್ಲದೆ ಒಪ್ಪಿಸ್ತಾನೆ. ಸರಿ ಉತ್ತರ, ಹಾಗೇ ಮಾಡು ಅಂತಾನೆ ಯೇಸು. ಅಲ್ಲಿಗೆ ಕ್ವಿಜ್ ಮುಗೀತು, ಫುಲ್ ಮಾರ್ಕ್ಸ್. ಅವನು ಸುಮ್ಮನಿರದೆ, ನೆರೆಯವನು ಅಂದ್ರೆ ಯಾರು ಅಂತ ಪದದ ಅರ್ಥ ಕೇಳ್ತಾನೆ, ಥೇಟ್ ನಮ್ಮ ಶುಕ್ರವಾರದ ಕೂಟದ ಹಾಗೆ! ಆಗ ಬರೋದೇ ಸಮಾರ್ಯದವನ ಕಥೆ. ಕೊನೆಯಲ್ಲಿ ಯೇಸು ಕೇಳ್ತಾನೆ, ಮೂವರಲ್ಲಿ ಗಾಯಗೊಂಡವನಿಗೆ ನೆರೆಯವನಾದದ್ದು ಯಾರು? ಶಾಸ್ತ್ರಿ "ಸಮಾರ್ಯದವನು" ಅನ್ನೋದಿಲ್ಲ. "ಅವನಿಗೆ ದಯೆ ತೋರಿಸಿದವನು" ಅಂತ ಸುತ್ತಿ ಬಳಸಿ ಹೇಳ್ತಾನೆ. ಆ ಕುಲದ ಹೆಸರು ಅವನ ಬಾಯಿಂದ ಬರೋದಿಲ್ಲ! ನಾನು ಇದನ್ನು ನೂರು ಸಲ ಓದಿದ್ದೆ. "ಅವರ ಕಡೆಯವರು ಯಾರು ಅಂತ ಗೊತ್ತಲ್ಲ" ಅನ್ನೋ ದೊಡ್ಡಪ್ಪನ ಮಾತು ನೆನಪಾದ ಮೇಲೇ ಇದು ನನ್ನ ಕಣ್ಣಿಗೆ ಬಿದ್ದಿದ್ದು.

ದೊಡ್ಡಪ್ಪ ಕಳೆದ ವರ್ಷ ತೀರಿಕೊಂಡರು. ಅವರನ್ನು ನಾನು ಈಗಲೂ ಪ್ರೀತಿಸ್ತೀನಿ, ಅವರ ಬೈಬಲ್ ನನ್ನ ಹತ್ತಿರ ಇದೆ. ಮಣ್ಣಿಗೆ ಆ ಮೇಷ್ಟ್ರೂ ಬಂದಿದ್ದ, ತಲೆ ನರೆತಿತ್ತು. ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ಅವನನ್ನು ನಿಲ್ಲಿಸಿ, ಅವತ್ತು ನಾನು ಮಾತಾಡಬೇಕಿತ್ತು, ತಪ್ಪಾಯ್ತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಅಣ್ಣ. ಅವತ್ತು ಅಮ್ಮ ಕೇಳಿದ್ದು ಒಂದೇ. ಬೈಬಲ್ ಓದಿಕೊಂಡ ಆ ಹುಡುಗ ಏನಂದ ಅಂತ. ನನಗೆ ಉತ್ತರ ಗೊತ್ತಿರಲಿಲ್ಲ" ಅಂದ. ಆ ಅಮ್ಮ ಈಗಿಲ್ಲ. ಜಕ್ಕಾಯ ನಾಲ್ಕರಷ್ಟು ವಾಪಸ್ ಕೊಟ್ಟ. ನಾನು ಏನನ್ನು, ಯಾರಿಗೆ ವಾಪಸ್ ಕೊಡಲಿ?

ತಂಗಿಗೂ ಹೇಳಿದೆ. ಅವಳು ಫೋನಿನಲ್ಲಿ ಅತ್ತಳು, ಆಮೇಲೆ ಬೈದಳು. ಬೈದಿದ್ದು ಒಳ್ಳೇದೇ ಆಯ್ತು.

ಈಗ ಅಣ್ಣನ ಮಗನಿಗೆ ಹೆಣ್ಣು ನೋಡ್ತಿದ್ದೀವಿ. ಬಯೋಡೇಟಾ ಬರೆಯೋ ಕೆಲಸ ಯಥಾಪ್ರಕಾರ "ಓದಿಕೊಂಡವನ" ಕೈಗೆ ಬಂತು. ಹಳೇ ನಮೂನೆಯಲ್ಲಿ ಹೆಸರು, ಸಭೆ, ಉದ್ಯೋಗ ಆದ ಮೇಲೆ "ಮೂಲ" ಅಂತ ಒಂದು ಸಾಲಿದೆ. ಏನು ಮೂಲ ಅಂತ ಕ್ರೈಸ್ತರಿಗೆಲ್ಲ ಅರ್ಥ ಆಗುತ್ತೆ. ನಾನು ಆ ಸಾಲನ್ನೇ ತೆಗೆದುಹಾಕಿದೆ. ಅದನ್ನು ಕೇಳೋ ಮನೆಗಳಿಗೆ ನಾನು ಬರೋದಿಲ್ಲ ಅಂತಲೂ ಹೇಳಿದೆ. ಅತ್ತಿಗೆ ಮೂರು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ನಿನ್ನ ಮಗಳ ಮದುವೆಗೆ ನೋಡ್ತೀವಿ ನಿನ್ನ ಆದರ್ಶ" ಅಂತ ಅಣ್ಣ ಅಂದಿದ್ದಾನೆ. ನೋಡಲಿ. ಅವನು ಹೇಳಿದ್ದು ಸರಿಯಾಗೇ ಇದೆ, ಪರೀಕ್ಷೆ ಇರೋದು ಅಲ್ಲೇ. ನನಗೆ ಭಯವೂ ಇದೆ. ಒಂದು ಸಾಲು ಅಳಿಸಿದ್ದಕ್ಕೆ ನಾನೇನೂ ಬಾನ್‌ಹಾಫರ್ ಆಗಲಿಲ್ಲ. ಆದರೆ ಬೈಬಲ್ ನನ್ನ ತಲೆಯಿಂದ ಕೈಗೆ ಇಳಿದದ್ದು ನನ್ನ ನೆನಪಿನಲ್ಲಿ ಇದೇ ಮೊದಲು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಈ ಶುಕ್ರವಾರ ಕೂಟದಲ್ಲಿ ಅಗಾಪೆಯ ಒಂಬತ್ತನೇ ವಾರ. ಎರಡನೇ ಕಿಟ್ಟೆಲ್‌ನ ಕಥೆ ಅಲ್ಲಿ ಹೇಳೋಣ ಅಂತಿದ್ದೀನಿ. ಆಮೇಲೆ ಒಂದೇ ಒಂದು ಕ್ವಿಜ್ ಪ್ರಶ್ನೆ. ನಮ್ಮ ಸಭೆಯಲ್ಲಿ ಸೋಫಾದ ತುದಿಯಲ್ಲಿ ಕೂರುವವರು ಯಾರು, ಯಾಕೆ? ಉತ್ತರ ಎಲ್ಲರಿಗೂ ಗೊತ್ತಿದೆ. ಬಾಯಿ ಬಿಡೋರು ಯಾರು ಅಂತ ನೋಡಬೇಕು.

ಬೈಯೋರು ಬೈಯಿರಿ, ಕಾಮೆಂಟು ತೆರೆದೇ ಇಟ್ಟಿದ್ದೀನಿ. ವಚನ ಉದ್ಧರಿಸಿ ಬೈಯೋರಿಗೆ ಮಾತ್ರ ಒಂದು ಮನವಿ... ಆ ವಚನ ನನಗೂ ಗೊತ್ತು :)